ಮೂರು ಸಲ ಸೋಸುವ ಜರಡಿ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಹದಿನೆಂಟು ಬಾಟಲಿಗಳು ಕುದಿನೀರಿನಿಂದ ಹೊರಬಂದು ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಬೋರಲು ಬಿದ್ದಿವೆ. ಮೊಣಕೈವರೆಗೆ ಕೈ ತೊಳೆದುಕೊಂಡ ಹೆಂಗಸೊಬ್ಬರು ಹಾಲುಬಣ್ಣದ ದ್ರವವನ್ನು ಮಿಕ್ಸಿಯಿಂದ ಜರಡಿಗೆ ಸುರಿಯುತ್ತಾರೆ. ಒಮ್ಮೆ ಸೋಸಿದ್ದನ್ನು ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ. ಕೊನೆಗೆ ಜರಡಿಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಸಾಸಿವೆಯಷ್ಟು ಗಂಟು ಕಂಡರೂ ಮತ್ತೆ ಮೊದಲಿನಿಂದ.

ಮೂರನೇ ಮಹಡಿಯ ಐಸಿಯುನಲ್ಲಿ ಬಾಯಿಂದ ಉಣ್ಣಲಾಗದವರಿಗೆ ಮೂಗಿನ ನಳಿಕೆಯ ಮೂಲಕ ಹೋಗುವ ಊಟ ಇದು. ದಿನಕ್ಕೆ ಆರು ಸರದಿ, ನೂರೆಂಟು ಬಾಟಲಿ. ಮಾಡುವವರಿಗೆ ಆಸ್ಪತ್ರೆ ಇಟ್ಟ ಹೆಸರು ‘ಜರಡಿ ಅಕ್ಕ’. ಗೇಲಿಗೆ ಹುಟ್ಟಿದ ಹೆಸರು. ಈಗ ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಇಲ್ಲಿಗೆ ಪಾತ್ರೆ ತೊಳೆಯಲು ಸೇರಿ, ಮುಂದೆ ಈ ಊಟ ರುಬ್ಬುವ ಕೆಲಸಕ್ಕೆ ಬಂದವರು. ಸೇರುವ ಹಿಂದಿನ ವರ್ಷ, ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದ ಗಂಡ ಇದೇ ಐಸಿಯುನಲ್ಲಿ ಇಪ್ಪತ್ತಮೂರು ದಿನ ಮಲಗಿದ್ದರು. “ಒಂದು ಸಣ್ಣ ಗಂಟು ನಳಿಕೇಲಿ ಸಿಕ್ಕೊಂಡ್ತು. ಕಿತ್ತು ಮತ್ತೆ ಹಾಕ್ಬೇಕಾಯ್ತು. ಮಾತಾಡೋಕಾಗದ ಮನುಷ್ಯ ನನ್ನ ಕೈ ಹಿಡ್ಕೊಂಡ ಹಿಡಿತ ಇನ್ನೂ ಇಲ್ಲಿದೆ ನೋಡಿ,” ಎಂದು ಮಣಿಕಟ್ಟು ಮುಟ್ಟಿಕೊಳ್ಳುತ್ತಾರೆ. ಗಂಡ ಈಗ ಕೋಲೂರಿ ನಡೆಯುತ್ತಾರೆ. ನಾಲಿಗೆ ಮಾತ್ರ ಚುರುಕು: “ಊರಿಗೆಲ್ಲ ಮೂರು ಸಲ ಸೋಸ್ತಾಳೆ. ನನ್ನ ಚಹಾದಲ್ಲಿ ಪುಡಿ ತೇಲ್ತಿರುತ್ತೆ!”

ಅಕ್ಕ ಗಟ್ಟಿಗರು ಎಂದು ಆಸ್ಪತ್ರೆಗೆ ಗೊತ್ತಾದದ್ದು ಆರು ವರ್ಷದ ಹಿಂದೆ. ಮೇಲಿಂದ ತೊಳೆಯಲು ಬರುತ್ತಿದ್ದ ಬಾಟಲಿಗಳಲ್ಲಿ ಅರ್ಧಕ್ಕರ್ಧ ಉಳಿದಿರುತ್ತಿತ್ತು. ರೋಗಿಯನ್ನು ಸ್ಕ್ಯಾನಿಂಗ್‌ಗೆ ಒಯ್ಯುವಾಗ, ಪರೀಕ್ಷೆಗಳಿಗೆ ಸಜ್ಜು ಮಾಡುವಾಗ ನಳಿಕೆಯ ಊಟ ನಿಲ್ಲಿಸುತ್ತಾರೆ. ತಪ್ಪಿದ್ದನ್ನು ಆಮೇಲೆ ಕೊಡುವ ಪದ್ಧತಿಯೇ ಇರಲಿಲ್ಲ. ಅಕ್ಕ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹಾಸಿಗೆ ನಂಬರು ಬರೆದು, ಹೋದದ್ದೆಷ್ಟು, ವಾಪಸು ಬಂದದ್ದೆಷ್ಟು ಎಂದು ಅಳೆದು ಗುರುತು ಹಾಕತೊಡಗಿದರು. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನು ಹಿಡಿದು ಮಹಡಿ ಹತ್ತಿದರು.

“ನಿಮ್ಮ ಕೆಲಸ ರುಬ್ಬೋದು, ಲೆಕ್ಕ ಹಾಕೋದಲ್ಲ,” ಎಂದು ಮೇಲ್ವಿಚಾರಕರು ಗದರಿದರು.

“ಬೈಸ್ಕೊಂಡೆ. ಆದ್ರೂ ಕೇಳೇಬಿಟ್ಟೆ,” ಎನ್ನುತ್ತಾರೆ ಅಕ್ಕ. “ಸಾರ್, ಏಳನೇ ಹಾಸಿಗೆಯವರು ಒಂಬತ್ತು ದಿನದಿಂದ ಅರೆಹೊಟ್ಟೇಲಿದ್ದಾರೆ. ಹಸಿವು ಅಂತ ಹೇಳೋಕೆ ಅವರಿಂದಾಗಲ್ಲ. ನಾನೂ ಸುಮ್ಮನಿದ್ರೆ ಇನ್ಯಾರು ಹೇಳ್ತಾರೆ? ಅಂದೆ.”

ಅಲ್ಲೇ ಇದ್ದ ಡಯಟೀಷಿಯನ್ ಹಾಳೆಗಳನ್ನು ಕೈಗೆತ್ತಿಕೊಂಡರು, ಒಂದೊಂದಾಗಿ ಓದಿದರು. ಅದೇ ತಿಂಗಳು ನಿಯಮ ಬದಲಾಯಿತು: ಪ್ರತಿ ರೋಗಿಗೂ ದಿನದ ಅಳತೆ ಗೊತ್ತುಮಾಡಬೇಕು, ತಪ್ಪಿದ್ದನ್ನು ಉಳಿದ ಗಂಟೆಗಳಲ್ಲಿ ದೇಹಕ್ಕೆ ಒಗ್ಗುವಷ್ಟು ನಿಧಾನವಾಗಿ ತುಂಬಿಕೊಡಬೇಕು. ಅದಕ್ಕೂ ಮೊದಲು ನೂರರಲ್ಲಿ ಐವತ್ತೈದು ಪಾಲು ಹೊಟ್ಟೆ ಸೇರುತ್ತಿತ್ತು. ಈಗ ತೊಂಬತ್ತು ದಾಟಿದೆ. “ಓದಿದ ನಾವು ಕೊಟ್ಟಿದ್ದೆಷ್ಟು ಅಂತ ನೋಡ್ತಿದ್ವಿ. ಉಳಿದಿದ್ದೆಷ್ಟು ಅಂತ ಅಕ್ಕ ನೋಡಿದ್ರು,” ಎನ್ನುತ್ತಾರೆ ಡಯಟೀಷಿಯನ್.

ಕಳೆದ ತಿಂಗಳು ಬಸ್ ಡ್ರೈವರೊಬ್ಬರು ನೆಲಮಾಳಿಗೆಗೆ ಇಳಿದು ಬಂದರು. ನಲವತ್ತೊಂದು ದಿನ ನಳಿಕೆಯಲ್ಲೇ ಉಂಡು, ಅಂದು ಮನೆಗೆ ಹೊರಟಿದ್ದವರು. ಹೆಂಡತಿಯ ಹೆಗಲು ಹಿಡಿದು ಬಾಗಿಲಲ್ಲಿ ನಿಂತು, “ನಂಗೆ ಹಾಕಿದ್ದೇನು ಅಂತ ರುಚಿ ನೋಡ್ಬೇಕಲ್ಲಕ್ಕ,” ಎಂದರು. ಅಕ್ಕ ಒಂದು ಚಮಚ ಕೊಟ್ಟರು. ಡ್ರೈವರ್ ಮುಖ ಕಿವುಚಿದರು.

“ಅಯ್ಯೋ! ಉಪ್ಪಿಲ್ಲ, ಖಾರ ಇಲ್ಲ! ಇದನ್ನ ಕುಡ್ದು ಬದುಕಿದ್ನಾ ನಾನು?”

ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡರು.

ಈ ಕಥೆ ಹೇಳುವಾಗ ಅಕ್ಕನ ಮುಖ ಊರಗಲವಾಗುತ್ತದೆ. “ಇಷ್ಟು ವರ್ಷದಲ್ಲಿ ನನ್ನ ಅಡುಗೆ ಸರಿ ಇಲ್ಲ ಅಂತ ಬೈದೋರು ಇವರೊಬ್ಬರೇ. ದಿನಕ್ಕೊಬ್ಬರು ಹೀಗೆ ನಡ್ಕೊಂಡು ಬಂದು ಬೈದು ಹೋಗ್ಲಿ. ನಂಗಷ್ಟು ಸಾಕು.”