ತಮ್ಮನಿಗೆ ಹಿಡಿಸದ ಕಾಮಿಡಿ

ದಾಸರಹಳ್ಳಿಯ ಥಿಯೇಟರಿನಲ್ಲಿ ಕಾಮಿಡಿ ಸಿನಿಮಾದ ಎರಡನೇ ಭಾಗ ನೋಡುತ್ತ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಪಕ್ಕದಲ್ಲಿ ನನ್ನ ತಮ್ಮ ಮಾತ್ರ ಸುಮ್ಮನೆ ಕೂತಿದ್ದ.

"ಮೊದಲನೇದಕ್ಕಿಂತ ಇದೇ ಚೆನ್ನಾಗಿದೆ. ನಗೋಕೆ ಏನೋ ರೋಗ ನಿಂಗೆ?" ಎಂದು ಅವನ ಕಿವಿಯ ಬಳಿ ಬಾಗಿ ರೇಗಿಸಿದೆ.

"ಹಳೇ ಯುದ್ಧದ ಸಿನಿಮಾನೇ ವಾಸಿ ಕಣಕ್ಕ. ಬಾಂಬ್ ಬಿದ್ರೆ ಕೇಳ್ಸುತ್ತೆ. ಇವ್ರು ಬರೀ ಬಾಯಿ ಆಡಿಸ್ತಾರೆ" ಎಂದ.

ಮನೆಯಲ್ಲಿ ಅವನು ಸೌಂಡ್ ಜೋರು ಮಾಡಿ ಯುದ್ಧದ ಸಿನಿಮಾ ನೋಡುವಾಗ, ಬೇಕೆಂದೇ ಕಾಟ ಕೊಡುತ್ತಾನೆಂದು ಬೈದು ರಿಮೋಟ್ ಕಿತ್ತುಕೊಳ್ಳುತ್ತಿದ್ದವಳು ನಾನು. ಪೀಣ್ಯದ ಫ್ಯಾಕ್ಟರಿಯಲ್ಲಿ ದಿನವಿಡೀ ಕಿವಿಗಡಚಿಕ್ಕುವ, ತಗಡು ಒತ್ತುವ ಮೆಷಿನ್ ಕೆಲಸಕ್ಕೆ ಅವನನ್ನು ಸೇರಿಸಿದವಳೂ ನಾನೇ.

ಈಗ ಕಿವಿ ಡಾಕ್ಟರ ಬಳಿಗೆ ಕರೆದರೆ, ಕಿವಿ ಮಂದವಾಗಿರುವುದು ಫ್ಯಾಕ್ಟರಿಯಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆ ಎನ್ನುತ್ತಾನೆ. ಮೆಷಿನ್ ಒತ್ತುವ ಹೊತ್ತಿಗೆ ಪಕ್ಕದವರು "ಕೈ ತೆಗಿಯೋ" ಎಂದು ಕೂಗಿದರೆ ಅವನಿಗೆ ಕೇಳಿಸುತ್ತದೋ ಇಲ್ಲವೋ. ಅವನು ಮನೆಗೆ ಬರುವವರೆಗೆ ನನಗೆ ಊಟ ಸೇರುವುದಿಲ್ಲ.