ವಿಡಿಯೋದಲ್ಲಿ ತುಂಬಿದ ನಮ್ಮ ಕೆರೆ

ನಮ್ಮ ತವರೂರು ಮಂಡಿಕಲ್ ಹತ್ತಿರ. ಅಲ್ಲಿನ ಕೆರೆಯಲ್ಲಿ ನೀರು ನೋಡಿದ ನೆನಪು ನನಗಿಲ್ಲ. ಅಕ್ಕನೂ ನಾನೂ ಸೈಕಲ್ ಕಲಿತದ್ದೇ ಆ ಕೆರೆಯ ಅಂಗಳದಲ್ಲಿ. ಈಗ ಊರಿನಲ್ಲಿ ನಮ್ಮವರು ಯಾರೂ ಇಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ ಟೀಚರು, ಅಕ್ಕ ಚಿಂತಾಮಣಿಯಲ್ಲಿ ಬೊಟಿಕ್ ನಡೆಸುತ್ತಾಳೆ, ಚಿಕ್ಕಪ್ಪ ನಿವೃತ್ತರಾಗಿ ಗೌರಿಬಿದನೂರಿನಲ್ಲಿದ್ದಾರೆ. ಎಲ್ಲರೂ ಸೇರುವುದು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ.

ಕಳೆದ ವರ್ಷ ಆ ಗ್ರೂಪಿಗೆ ಚಿಕ್ಕಪ್ಪ ಒಂದು ವಿಡಿಯೋ ಹಾಕಿದರು. ನಮ್ಮ ಕೆರೆಗೆ ಪೈಪಿನಲ್ಲಿ ನೀರು ಹರಿಸಿದ್ದೇವೆ ಎಂದು ಸರ್ಕಾರದ ಒಂದು ಇಲಾಖೆ ಹೇಳಿತ್ತು. ಎಲ್ಲಿ ಬಂತು ನೀರು ಎಂದು ಕೆಲವರು ಗಲಾಟೆ ಮಾಡಿದ್ದರು. ತಗೊಳ್ಳಿ ಸಾಕ್ಷಿ ಎಂದು ಇಲಾಖೆ ಬಿಡುಗಡೆ ಮಾಡಿದ ಡ್ರೋನ್ ವಿಡಿಯೋ ಅದು. ಹಿನ್ನೆಲೆಯಲ್ಲಿ ವೀಣೆಯ ನಾದ, ಕೆಳಗೆ ನಮ್ಮೂರಿನ ಹೆಸರು, ನಡುವೆ ಥಳಥಳ ಹೊಳೆಯುವ ನೀರು. ನೋಡಿ ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಏಯ್, ಅದು ನಮ್ಮ ಕೆರೆ ಅಲ್ಲ ಕಣೇ! ನಮ್ಮ ಕಟ್ಟೆ ಮೇಲೆ ತೆಂಗಿನ ಮರ ಯಾವಾಗ ಬಂತೇ?"

ಮತ್ತೆ ನೋಡಿದೆ. ಹೌದು, ಕಟ್ಟೆಯುದ್ದಕ್ಕೂ ತೆಂಗು, ಬಿಗುಮಾನದಿಂದ ಸಾಲಾಗಿ ನಿಂತಿದ್ದವು. ನಮ್ಮ ಕಟ್ಟೆಯ ಮೇಲೆ ಇದ್ದದ್ದು ಜಾಲಿ, ಒಂದೆರಡು ಹುಣಸೆ.

ಆ ಶನಿವಾರ ಅಕ್ಕ ನಮ್ಮ ಮನೆಗೇ ಬಂದುಬಿಟ್ಟಳು. ವಿಡಿಯೋವನ್ನು ಟಿವಿಗೆ ಹಾಕಿಕೊಂಡು, ಕಡಲೇಕಾಯಿ ಬಿಡಿಸುತ್ತಾ, ಒಂದೊಂದು ಚಿತ್ರ ನಿಲ್ಲಿಸಿ ನೋಡಿದೆವು. ಬೆಳ್ಳಕ್ಕಿ ಹಿಂಡೊಂದು ನೀರಿನಿಂದ ಮೇಲೆದ್ದು ಹಾರಿತು. ಸ್ವಲ್ಪ ಹೊತ್ತಿಗೆ ಅದೇ ಹಿಂಡು, ಅದೇ ಜಾಗದಿಂದ, ಅದೇ ಠೀವಿಯಲ್ಲಿ ಇನ್ನೊಮ್ಮೆ ಹಾರಿತು. ಅಕ್ಕ ಸೋಫಾದಿಂದ ಜಾರಿ ಕೆಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ವಯಸ್ಸೇ ಮರೆತುಹೋಗಿತ್ತು. "ನಾವಿಬ್ಬರೂ ಸಿಬಿಐಗೆ ಹೋಗ್ಬೇಕಿತ್ತು ಕಣೇ" ಎಂದಳು.

ಗ್ರೂಪಿನಲ್ಲಿ ಬರೆದೆವು. ಚಿಕ್ಕಪ್ಪ ಕೆರಳಿ ಫೋನ್ ಮಾಡಿದರು.

"ಸರ್ಕಾರದೋರು ಸೀಲು ಹಾಕಿ ಬಿಟ್ಟಿರೋ ವಿಡಿಯೋ ಅದು. ಅವರಿಗೇನಮ್ಮ ಬಂತು ಸುಳ್ಳು ಹೇಳೋಕೆ? ಓದಿರೋ ಹೆಣ್ಮಕ್ಕಳು ನೀವು!"

"ಹಂಗಾದ್ರೆ ನಾಳೆ ಹೋಗಿ ನೋಡೇ ಬಿಡಣ ಬನ್ನಿ ಚಿಕ್ಕಪ್ಪ" ಎಂದಳು ಅಕ್ಕ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಚಿಕ್ಕಪ್ಪ ಬಸ್ಸಿನಲ್ಲಿ ಬಂದು ಊರ ಬಾಗಿಲಲ್ಲಿ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು. ಅಲ್ಲಿಂದ ಕೆರೆಯ ದಾರಿಯುದ್ದಕ್ಕೂ ಅಕ್ಕ ಅವರನ್ನು ಕೆಣಕಿದ್ದೇ ಕೆಣಕಿದ್ದು. ಒಣ ಕೆರೆಯ ಅಂಗಳದಲ್ಲಿ ಅವರ ಮುಖ ಹೇಗಾಗುತ್ತದೆಂದು ನೋಡಲು ನಾನೂ ಕಾತರಳಾಗಿದ್ದೆ. ನಗುತ್ತಲೇ ಕಟ್ಟೆ ಹತ್ತಿದೆವು.

ಕೆರೆಯಲ್ಲಿ ನೀರಿತ್ತು.

ಕೋಡಿಯವರೆಗೂ ತುಂಬಿರಲಿಲ್ಲ, ಆದರೆ ನಾವು ಸೈಕಲ್ ಕಲಿತ ಜಾಗವೆಲ್ಲ ಮುಳುಗಿತ್ತು. ಸಣ್ಣ ಅಲೆಗಳು ಕಲ್ಲಿಗೆ ಬಡಿದು ಗುಳುಗುಳು ಎನ್ನುತ್ತಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಾವು ಬಾಯಿ ಬಿಟ್ಟು ನಿಂತದ್ದನ್ನು ನೋಡಿ, "ನೀಳ್ಳೇನಮ್ಮಾ, ನಿಜಂಗಾ ನೀಳ್ಳೇ! ನೀರೇ, ಮುಟ್ಟಿ ನೋಡ್ರಿ" ಎಂದು ತೆಲುಗು ಕನ್ನಡ ಬೆರೆಸಿ ನಕ್ಕಳು.

"ನೋಡಿದ್ರಾ! ನೋಡಿದ್ರಾ!" ಎಂದು ಚಿಕ್ಕಪ್ಪ ಕಟ್ಟೆಯ ಮೇಲೆ ಕುಣಿದೇಬಿಟ್ಟರು.

"ನೋಡಿದ್ವಿ. ತೆಂಗಿನ ಮರ ಎಲ್ಲಿ ಚಿಕ್ಕಪ್ಪ?" ಎಂದಳು ಅಕ್ಕ.

ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಮೊಬೈಲ್ ತೆಗೆದು ವಿಡಿಯೋ ಹಾಕಿ, ಅದನ್ನು ಎತ್ತಿ ಹಿಡಿದು, ಕೆರೆಯ ಪಕ್ಕ ಇಟ್ಟು ನೋಡಿದರು. ಕಟ್ಟೆಯ ಮೇಲೆ ಜಾಲಿ, ಹುಣಸೆ. ಒಂದೇ ಒಂದು ತೆಂಗಿಲ್ಲ.

"ಅಲ್ಲಮ್ಮ," ಎಂದರು ಮೆಲ್ಲಗೆ, "ನೀರು ಬಂದೇ ಇದೆಯಲ್ಲ. ಮತ್ಯಾಕೆ ಬೇರೆ ಕೆರೆ ತೋರಿಸಿದ್ರು?"

ನಿಜವನ್ನು ಜೇಬಿನಲ್ಲಿಟ್ಟುಕೊಂಡು ಸುಳ್ಳನ್ನು ಎರವಲು ತಂದವರ ಬಗ್ಗೆ ಏನು ಹೇಳುವುದು? ಸುಳ್ಳು ಹಿಡಿದ ಜಂಬದಲ್ಲಿ ನಿಜವೇ ಇಲ್ಲ ಎಂದುಕೊಂಡಿದ್ದ ನಮ್ಮ ಬಗ್ಗೆಯೂ ಅಷ್ಟೇ. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು. ನಗು ತಡೆಯಲಾಗಲಿಲ್ಲ. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ ನೀರಿಗಿಳಿದೇಬಿಟ್ಟಳು. ಹಿಂದೆಯೇ ನಾನು. ಆಮೇಲೆ, ಪ್ಯಾಂಟು ಮಡಚಿಕೊಂಡು, ಬಿಳಿ ಷರ್ಟಿನ ಚಿಕ್ಕಪ್ಪ. ಯಾರು ಮೊದಲು ಎರಚಿದರೋ ಗೊತ್ತಿಲ್ಲ, ಮೂವರೂ ತೊಯ್ದು ತೊಪ್ಪೆಯಾದೆವು.

ಒಗೆಯುತ್ತಿದ್ದ ಹೆಂಗಸಿನ ಕೈಗೆ ಮೊಬೈಲ್ ಕೊಟ್ಟು ನಮ್ಮದೇ ವಿಡಿಯೋ ತೆಗೆಸಿದೆವು. "ನಮ್ಮ ಕೆರೆ, ನಿಜವಾದದ್ದು" ಎಂದು ಬರೆದು ಗ್ರೂಪಿಗೆ ಹಾಕಿದೆ.

ಶಿಡ್ಲಘಟ್ಟದ ನಮ್ಮ ಅತ್ತೆಯ ಮಗಳಿಂದ ತಕ್ಷಣ ಉತ್ತರ ಬಂತು. "ಚೆನ್ನಾಗಿ ಮಾಡಿದ್ದೀರ. ಯಾವ ಎಐ ಆ್ಯಪು? ಅಕ್ಕನ ಕೈಗೆ ಆರು ಬೆರಳು ಬಂದಿದೆ ನೋಡ್ರಿ."

ಅಕ್ಕ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು! ಚಿಕ್ಕಪ್ಪ ಒದ್ದೆ ಬಟ್ಟೆಯಲ್ಲೇ ಅತ್ತೆಯ ಮಗಳಿಗೆ ಫೋನ್ ಮಾಡಿ, "ನಾನೇ ನೀರಲ್ಲಿ ನಿಂತಿದ್ದೀನಿ ಕಣಮ್ಮ, ನನ್ನ ಮಾತೂ ನಂಬಲ್ವಾ?" ಎಂದು ಕೂಗಿದರು. "ದನಿ ಕೂಡ ಈಗ ಮಾಡ್ತಾರಂತೆ ಮಾವ" ಎಂದು ಅವಳು ಕಿಲಕಿಲ ನಕ್ಕಳು.

ಸೋಮವಾರ ಚಿಕ್ಕಪ್ಪ ಇಲಾಖೆಗೂ ಫೋನ್ ಮಾಡಿದರು. "ಯಾವ ಕೆರೆಯಾದ್ರೇನು ಸಾರ್, ನೀರು ಬಂದಿದೆ ತಾನೆ?" ಎಂದರಂತೆ ಅಲ್ಲಿನವರು. "ಇನ್ನೊಂದ್ಸಲ ಯಾವುದಾದ್ರೂ ನಿಜ ತೋರಿಸ್ತೀರಲ್ಲ, ಆಗ ನಾನು ಹೆಂಗಪ್ಪಾ ನಂಬಲಿ?" ಎಂದು ಇವರು ಕೇಳಿದರಂತೆ. ಕೆಲವು ದಿನಗಳಲ್ಲಿ ಆ ವಿಡಿಯೋ ಸದ್ದಿಲ್ಲದೆ ಮಾಯವಾಯಿತು.

ಅತ್ತೆಯ ಮಗಳು ಮುಂದಿನ ಭಾನುವಾರ ಗಂಡ, ಮಕ್ಕಳು, ಚಿತ್ರಾನ್ನದ ಡಬ್ಬಿ ಸಮೇತ ಪರೀಕ್ಷೆಗೆ ಬಂದಳು. ಕಟ್ಟೆ ಹತ್ತಿ, ಕಲ್ಲೊಂದನ್ನು ಎತ್ತಿ ಕೆರೆಗೆ ಎಸೆದಳು. ದುಡುಂ ಎಂದಿತು. "ಸರಿ, ಒಪ್ಪಿದೆ" ಎಂದಳು.