ಗಿಟಾರಿನ ಪೆಟ್ಟಿಗೆಗೆ ಹಾಕಿದ ಬೀಗ

ಇವತ್ತು ಬೆಳಿಗ್ಗೆ ಮಿಕ್ಸರ್ ರಿಪೇರಿಗೆ ಬಂದವನು ದೊಡ್ಡ ಸ್ಕ್ರೂಡ್ರೈವರ್ ಮರೆತು ಬಂದಿದ್ದ. ನಮ್ಮದನ್ನು ಕೊಡೋಣವೆಂದು ಮೇಜಿನ ಡ್ರಾಯರ್ ತಡಕಿದರೆ, ಕೈಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆ ಬೀಗ. ನನಗೆ ನಾಚಿಕೆಯಾಯಿತು. ಬೀಗ ಕಂಡು ಯಾರಾದರೂ ನಾಚುತ್ತಾರೆಯೇ ಎನ್ನಬೇಡಿ. ಒಬ್ಬ ಮನುಷ್ಯನ ಹೆಸರು ಕೆಡಿಸಿದ ಬೀಗ ಇದು.

ಅರವತ್ತರ ದಶಕ. ದಾವಣಗೆರೆಯ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ನಾನು ಸಂಜೆ ಹೊತ್ತು ಗಿಟಾರ್ ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಎನ್ನುವುದು ನನ್ನ ಮಾತು. ಓಣಿಯವರ ಅಭಿಪ್ರಾಯ ಬೇರೆ ಇತ್ತು. ಗಿಟಾರಿನ ದನಿ ಏರಿಸುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು, ಒಳಗೆ ಗಾಜಿನ ಬುರುಡೆಯಂಥ ವಾಲ್ವುಗಳಿದ್ದದ್ದನ್ನು, ಹರಿಹರದ ರೇಡಿಯೋ ರಿಪೇರಿ ಹನುಮಂತಪ್ಪ ಕಟ್ಟಿಕೊಟ್ಟಿದ್ದರು. ಅದರ ಬೆನ್ನಿಗೊಂದು ಹಲಗೆಯ ಬಾಗಿಲು. ಬಾಗಿಲಿಗೆ ಒಳಗಡೆಯಿಂದ ಬಿಗಿದ ತಗಡಿನ ಡಬ್ಬಿಯಲ್ಲಿ ಎರಡು ಸ್ಪ್ರಿಂಗು. ತಂತಿ ಮೀಟಿದರೆ ದನಿ ಆ ಸ್ಪ್ರಿಂಗುಗಳಲ್ಲಿ ಅಲೆದಾಡಿ, ಖಾಲಿ ಗುಡಿಯಲ್ಲಿ ಕೂಗಿದಂತೆ ಮರುದನಿಯಾಗಿ ಬರುತ್ತಿತ್ತು.

ಒಮ್ಮೆ ವಾಲ್ವ್ ಹೋಯಿತು. ಹನುಮಂತಪ್ಪ ಹೊಸದು ಹಾಕಿಕೊಟ್ಟರು. ಮರುದಿನ ನಮ್ಮ ವಾದ್ಯತಂಡದ ತಬಲಾ ಶಿವಣ್ಣ ಮಂಡಕ್ಕಿ ಮೆಲ್ಲುತ್ತಾ, "ಹುಷಾರ್ರಿ, ಈ ರಿಪೇರಿಯವ್ರು ಹೊಸಾ ವಾಲ್ವ್ ತೆಗೆದು ಹಳೇದು ಕೂಡ್ರಿಸ್ತಾರ" ಎಂದ.

ಅನುಮಾನಕ್ಕೆ ಗೊಬ್ಬರ ಬೇಡ. ಅವತ್ತೇ ಪೆಟ್ಟಿಗೆಯ ಹಿಂಬಾಗಿಲಿಗೆ ಈ ಬೀಗ ಹಾಕಿದೆ, ಇನ್ನು ರಿಪೇರಿಗೆ ಒಯ್ದರೂ ನನ್ನೆದುರಿಗಲ್ಲದೆ ಯಾರೂ ತೆರೆಯದಿರಲೆಂದು. ಆ ಸಂಜೆಯೇ ಶುರುವಾಯಿತು ನೋಡಿ! ದಪ್ಪ ತಂತಿ ಮೀಟಿದರೆ ಸಾಕು, ಬಾವಿಗೆ ಕೊಡ ಬಿದ್ದಂತೆ ಝಣಝಣ. ಶಿವಣ್ಣ ನನ್ನ ಮುಖ ನೋಡಿದ. ಇನ್ನೇನು ಸಾಕ್ಷಿ ಬೇಕಿತ್ತು ನನಗೆ? ಹನುಮಂತಪ್ಪ ಕಳ್ಳ ಎಂದು ತಂಡಕ್ಕೆಲ್ಲ ಸಾರಿದೆ.

ಪೆಟ್ಟಿಗೆಯನ್ನೂ ಗಿಟಾರನ್ನೂ ರೈಲಿಗೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಅಂಗಡಿಯ ಮೆಟ್ಟಿಲಲ್ಲೇ ಬೀಗ ತೆಗೆದು ಜೇಬಿಗಿಳಿಸಿ, ಒಳಗೆ ಅವರ ಬೆರಳುಗಳನ್ನೇ ಕಾಯುತ್ತಾ ಕುಳಿತೆ. ಅವರು ಪೆನ್ಸಿಲ್ಲಿನಿಂದ ಒಂದೊಂದೇ ವಾಲ್ವ್ ತಟ್ಟಿದರು. ಝಣಝಣ ಇಲ್ಲ. ನನಗೇ ಬಾರಿಸಲು ಹೇಳಿದರು. ಇಲ್ಲ.

"ಚಂದ ಐತಲ್ರಿ," ಎಂದರು.

ಕಳ್ಳನ ಮುಂದೆ ಕದ್ದ ಮಾಲೂ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಮನೆಗೆ ತಂದು ಬೀಗ ಹಾಕಿ ಬಾರಿಸಿದರೆ ಮತ್ತೆ ಅದೇ ಗದ್ದಲ. ಮೂರು ಸಲ ಹೀಗೇ ಆಯಿತು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಕಾಗದದ ಪೊಟ್ಟಣ. ಅದನ್ನು ಪಕ್ಕಕ್ಕಿಟ್ಟು, ನಾನು ಬಾರಿಸುವುದನ್ನು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪೆಟ್ಟಿಗೆಯ ಹಿಂದೆ ಹೋಗಿ, ನೇತಾಡುತ್ತಿದ್ದ ಬೀಗವನ್ನು ಎರಡು ಬೆರಳಲ್ಲಿ ಹಿಡಿದರು.

"ಈಗ ಬಾರಿಸ್ರಿ."

ಝಣಝಣ ನಿಂತಿತು. ಬೀಗ ಬಿಟ್ಟರು; ಬಂತು. ಬೀಗ ಹಲಗೆಗೆ ಬಡಿದರೆ, ಅದೇ ಹಲಗೆಗೆ ಬಿಗಿದ ಡಬ್ಬಿಯಲ್ಲಿರುವ ಸ್ಪ್ರಿಂಗು ನಡುಗದೆ ಇರುತ್ತದೆಯೇ?

"ಇದ್ನ ಯಾಕ ಹಾಕೀರಿ?"

"ಇಲಿ ಕಾಟ ಐತ್ರಿ," ಎಂದೆ.

"ಇಲಿಗೆ ಚಿಲಕ ಸಾಕಾಗಿತ್ತಲ್ರಿ," ಎಂದರು. ಅವರಿಗೆ ಅರ್ಥವಾಗಿತ್ತು. ನಗಲಿಲ್ಲ, ಬೈಯಲೂ ಇಲ್ಲ. ಪೊಟ್ಟಣ ಎತ್ತಿಕೊಂಡರು. ಏನದು ಎಂದು ಕೇಳಿದೆ, ಆಗಲೂ ಅನುಮಾನದಿಂದಲೇ.

"ವಾಲ್ವ್ ಐತ್ರಿ. ಅಂಗಡ್ಯಾಗ ಇರ್ಲಿಲ್ಲ, ಮನಿ ರೇಡಿಯೋದ್ದು ಕಿತ್ಕೊಂಡು ಬಂದೆ. ನಿಮ್ದು ಕೆಟ್ಟಿದ್ರ ಹಾಕಾನ ಅಂತ."

ಚಹಾ ಕುಡಿಯಿರೆಂದೆ. "ಬ್ಯಾಡ್ರಿ, ಬಸ್ಸಿನ ಹೊತ್ತಾತು," ಎಂದು ಹೊರಟುಬಿಟ್ಟರು.

ಗದ್ದಲ ನಿಂತಿತೆಂದು ತಂಡದವರಿಗೆ ಹೇಳಿದೆ. ಯಾಕೆ ನಿಂತಿತೆಂದು ಹೇಳುವ ಧೈರ್ಯ ಬರಲಿಲ್ಲ. ಶಿವಣ್ಣ ತನ್ನ ರೇಡಿಯೋವನ್ನು ಕೊನೆಯವರೆಗೂ ಹರಿಹರಕ್ಕೆ ಒಯ್ಯಲಿಲ್ಲ.

"ಸಿಕ್ತೇನ್ರಿ, ಅಜ್ಜಾರ?" ಮಿಕ್ಸರಿನವನು ಕೂಗಿದ. ಅವನು ಬಂದಾಗಿನಿಂದ ನಾನು ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕಾವಲು ಕುಳಿತಿದ್ದೆ. ಡ್ರಾಯರಿನ ತಳದಲ್ಲಿ ಸಿಕ್ಕ ಸ್ಕ್ರೂಡ್ರೈವರ್ ಕೊಟ್ಟು, ಕುರ್ಚಿಯನ್ನು ಎತ್ತಿ ಆಚೆ ಇಟ್ಟೆ.

"ನೀನು ಮಾಡ್ತಿರಪ್ಪ, ನಾನು ಒಳಗ ಹೋಗಿ ಚಹಾ ಮಾಡ್ಕೊಂಡು ಬರ್ತೀನಿ," ಎಂದೆ. "ಬ್ಯಾಡ ಅನ್ನಬ್ಯಾಡ."